ಬಂಪರ್! ಲಾಟರಿಯದಲ್ಲ, ಗುಜರಿ ಉಕ್ಕಿನದು

ಬಂಪರ್ ಅಂದರೆ ಹಳಬರಿಗೆ ನೆನಪಾಗುವುದು ಲಾಟರಿ. ಅದು ನಮ್ಮ ರಾಜ್ಯದಲ್ಲಿ 2007ಕ್ಕೇ ಬಂದ್ ಆಯಿತು. ಆದರೆ ಶಿವಾಜಿನಗರದಲ್ಲಿ ಬೇರೆ ಥರದ ಬಂಪರ್ ಬಂದ್ ಆಗಿಲ್ಲ. ಇದಕ್ಕೆ ಟಿಕೆಟ್ ಬೇಡ, ಅದೃಷ್ಟ ಬೇಡ. ಒಂದು ಜೀಪು, ನಾಲ್ಕಡಿ ಐದಡಿ ಕಬ್ಬಿಣ, ಕೈ ನಡುಗದ ಒಬ್ಬ ವೆಲ್ಡಿಂಗ್ ಮೇಸ್ತ್ರಿ ಇದ್ದರೆ ಸಾಕು.

ರಸಲ್ ಮಾರ್ಕೆಟ್ ಬೆನ್ನಿಗೆ ಹಾಕಿಕೊಂಡು ಗುಜರಿ ಓಣಿಗಳಿಗೆ ನುಗ್ಗಿ ನೋಡಿ. ಹಳೇ ಬಾಗಿಲು, ಗೇರ್ ಬಾಕ್ಸು, ಚಕ್ರ, ರೇಡಿಯೇಟರು ಗುಡ್ಡೆ ಗುಡ್ಡೆ. ಇದೇನು ನಿನ್ನೆ ಮೊನ್ನೆಯ ವ್ಯಾಪಾರವಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಪಡೆ ಬಂದು ಹಲಸೂರಿನ ಪಕ್ಕ ತಳವೂರಿದಾಗಿನಿಂದ ಈ ಭಾಗಕ್ಕೆ ದಂಡು ಅಂತಲೇ ಹೆಸರು. ದಂಡಿದ್ದ ಕಡೆ ಗಾಡಿ. ಗಾಡಿ ಇದ್ದ ಕಡೆ ರಿಪೇರಿ. ಜಬಲ್‌ಪುರದ ಕಾರ್ಖಾನೆಯಲ್ಲಿ ಸೈನ್ಯಕ್ಕಾಗಿ ತಯಾರಾದ ಜೋಂಗಾ, ಮಹೀಂದ್ರಾ ಜೀಪು, 1985ರಲ್ಲಿ ಬಂದ ಜಿಪ್ಸಿ, ಇವೆಲ್ಲ ಸೇವೆ ಮುಗಿಸಿ ಹರಾಜಾಗಿ ಖಾಸಗಿಯವರ ಕೈ ಸೇರುವುದು ಮಾಮೂಲು. ಅತ್ತ ಪೂರ್ವಕ್ಕೆ ಹೋದರೆ ಎಚ್.ಎ.ಎಲ್., ದೂರವಾಣಿನಗರದ ಐ.ಟಿ.ಐ., ತಿಪ್ಪಸಂದ್ರದ ಬೆಮೆಲ್, 2002ರಲ್ಲಿ ಬಾಗಿಲು ಹಾಕಿದ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಬ್ಬಿಣ ಕಡಿಯೋದು, ಬೆಸೆಯೋದು ಈ ಕಡೆಯ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಕೆಲಸ ನಡೆಯುವ ಬಗೆ ನೋಡಲು ಚೆಂದ. ಮೊದಲು ಹಳೇ ರಟ್ಟಿನ ಪೆಟ್ಟಿಗೆ ಕತ್ತರಿಸಿ ಗಾಡಿಯ ಮೂತಿಗೆ ಹಿಡಿದು ಅಳತೆ ತೆಗೀತಾರೆ. ರಟ್ಟು ತಪ್ಪಿದರೆ ಬಿಸಾಕಬಹುದು, ಉಕ್ಕು ತಪ್ಪಿದರೆ ಕಾಸು ಹೋಯಿತು. ಆಮೇಲೆ ಚಾನೆಲ್ಲು, 4 ಎಂ.ಎಂ. ಪ್ಲೇಟು. ಸೀಮೆಸುಣ್ಣದ ಗೆರೆ, ಗ್ಯಾಸ್ ಕಟಿಂಗು, ಗ್ರೈಂಡಿಂಗು. ನಂತರ ಅಲ್ಲೊಂದು ಇಲ್ಲೊಂದು ಟಾಕಾ ಹಾಕಿ ಗಾಡಿಗೆ ಹಿಡಿದು ನೋಡ್ತಾರೆ. ಎಲ್ಲ ಸರಿ ಕೂತಿದೆ ಅಂದಮೇಲೇ ಪೂರ್ತಿ ವೆಲ್ಡಿಂಗು. ಅದನ್ನೂ ಒಂದೇ ಉಸಿರಿಗೆ ಎಳೆಯೋ ಹಾಗಿಲ್ಲ. ಒಂದೇ ಕಡೆ ಕಾದರೆ ಪ್ಲೇಟು ಹಪ್ಪಳದಂತೆ ಸೊಟ್ಟಗಾಗುತ್ತೆ. ಈ ತುದಿಗೆ ಎರಡಿಂಚು, ಆ ತುದಿಗೆ ಎರಡಿಂಚು, ಹೀಗೆ. ಕಡೆಗೆ ರೆಡ್ ಆಕ್ಸೈಡು, ಅದರ ಮೇಲೆ ಕಪ್ಪು ಬಣ್ಣ.

(ಬಸ್ಸಿಗೆ ಕಾಯುತ್ತಾ ಆ ನೀಲಿ ಬೆಳಕನ್ನೇ ದಿಟ್ಟಿಸುವ ಮಹನೀಯರಿಗೆ ಒಂದು ಮಾತು: ಬೇಡಿ. ರಾತ್ರಿ ಕಣ್ಣಿಗೆ ಮರಳು ತುಂಬಿದಂತಾಗುತ್ತೆ. ಇನ್ನು ನಲ್ಲಿಯ ಜಿ.ಐ. ಪೈಪು ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನೇ ಬೆಸೆಯುವವರೂ ಇದ್ದಾರೆ. ಅದರ ಸತುವಿನ ಹೊಗೆ ಕುಡಿದ ಮೇಸ್ತ್ರಿಗೆ ಅವತ್ತು ರಾತ್ರಿ ಚಳಿ ಜ್ವರ.)

ಗುಟ್ಟು ಇರೋದು ಬಣ್ಣದಲ್ಲಲ್ಲ, ಬಂಪರ್ ಗಾಡಿಯನ್ನು ಹಿಡಿದುಕೊಳ್ಳುವ ಜಾಗದಲ್ಲಿ. ಕಾಫಿ ತೋಟದ ಕೆಸರಲ್ಲಿ ಜೀಪು ಹೂತಾಗ ಹಗ್ಗ ಕಟ್ಟಿ ಎಳೆಯಬೇಕಲ್ಲ, ಆ ಕೊಕ್ಕೆಯ ಬಲ ನೇರ ಚಾಸಿಗೆ ಹೋಗಬೇಕು. ಮುಂದಿನ ಪ್ಲೇಟಿಗೆ ಸುಮ್ಮನೆ ಅಂಟಿಸಿದ ಕೊಕ್ಕೆ ಕಿತ್ತು ಬಂದರೆ ಅದು ಗುಂಡೇ. ಬೋಲ್ಟಿನ ತಲೆಯ ಮೇಲೆ 8.8 ಅಂತ ಇದೆಯಾ ನೋಡಿ. ಮಾಮೂಲಿ 4.6ಕ್ಕಿಂತ ಎಳೆತಕ್ಕೆ ಅದು ಎರಡರಷ್ಟು ತಡೆಯುತ್ತೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಪ್ರಾಣಕ್ಕೆ ತಂದುಕೊಳ್ಳುವವರಿಗೆ ಏನು ಹೇಳೋಣ?

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ನಿಜವಾದ ಕಾಡುದಾರಿಯ ಬಂಪರ್ ಚಿಕ್ಕದು. ತುದಿಗಳನ್ನು ಕತ್ತರಿಸಿ ಮೇಲಕ್ಕೆ ಎತ್ತಿರುತ್ತಾರೆ. ದಿಣ್ಣೆ ಹತ್ತುವಾಗ ನೆಲಕ್ಕೆ ಮೊದಲು ಚಕ್ರ ತಾಗಬೇಕು, ಬಂಪರ್ ಅಲ್ಲ. 2014ರಿಂದ ಗೋವಾದಲ್ಲಿ ನಡೆದ ರೈನ್‌ಫಾರೆಸ್ಟ್ ಚಾಲೆಂಜ್ ಮಾದರಿಯ ಸ್ಪರ್ಧೆಗಳಿಗೆ ಬೇಕಾಗುವುದು ಅಂಥದ್ದು. ಆದರೆ ಇಂದಿರಾನಗರ ನೂರಡಿ ರಸ್ತೆಯಲ್ಲಿ ಸಂಜೆ ಕಾಣುವುದೇನು? ಮಡಿಕೇರಿ ದಾರಿಯ ಕೆಸರನ್ನೇ ಕಾಣದ ಗಾಡಿಗೆ ಈ ಕಿವಿಯಿಂದ ಆ ಕಿವಿವರೆಗೆ ದಪ್ಪ ಪೈಪು, ಮೇಲೆ ನಾಲ್ಕು ಲೈಟು! ಅದು ಬಂಪರ್ ಅಲ್ಲ ಸ್ವಾಮಿ, ಜಂಬ.

ಜಂಬಕ್ಕೂ ತೂಕ ಇರುತ್ತೆ. ನೂರು ಎಂ.ಎಂ. ಚಾನೆಲ್ಲು ಮೀಟರಿಗೆ ಒಂಬತ್ತೂವರೆ ಕೆ.ಜಿ. ಐದಡಿಗೆ ಹದಿನಾಲ್ಕು. ಅಡಿ ಅಗಲ, ಐದಡಿ ಉದ್ದದ 4 ಎಂ.ಎಂ. ಪ್ಲೇಟು ಇನ್ನೊಂದು ಹದಿನಾಲ್ಕೂವರೆ. ಪೈಪು, ಬ್ರಾಕೆಟ್ಟು ಸೇರಿ ನಲವತ್ತರ ಹತ್ತಿರ. ಅಂದರೆ ಒಂದು ಸಿಮೆಂಟ್ ಮೂಟೆಗೆ ಹತ್ತು ಕೆ.ಜಿ. ಕಮ್ಮಿ, ಗಾಡಿಯ ಮೂತಿಗೆ ಸದಾ ನೇತುಬಿದ್ದಂತೆ.

ಆ ಮೂತಿ ಹಳೇ ಮದ್ರಾಸ್ ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿ ಹತ್ತಿರ, ಒಬ್ಬ ಸ್ಕೂಟರಿನವನಿಗೆ ತಾಗಿದರೆ? ಕಂಪನಿ ಬಂಪರ್ ಅಂದರೆ ಹೊರಗೆ ಪ್ಲಾಸ್ಟಿಕ್, ಒಳಗೆ ಮಡಚಿಕೊಳ್ಳಲೆಂದೇ ಮಾಡಿದ ತಗಡು. ಗುದ್ದಿನ ಒಂದಿಷ್ಟು ಪೆಟ್ಟು ಅದೇ ತಿನ್ನುತ್ತೆ. ಉಕ್ಕು ಮಡಚುವುದಿಲ್ಲ. ಪೆಟ್ಟು ಎದುರಿನವನ ತೊಡೆ ಮೂಳೆಗೆ ಹೋಗುತ್ತೆ, ಉಳಿದದ್ದು ಚಾಸಿ ಮೂಲಕ ಒಳಗೆ ಕೂತವನ ಕತ್ತಿಗೆ ಬರುತ್ತೆ. 2019ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅದು ಯಾವಾಗ ಬಿಚ್ಚಿಕೊಳ್ಳಬೇಕು ಅಂತ ತೀರ್ಮಾನಿಸುವ ಸೆನ್ಸರು ಕಂಪನಿ ಮೂತಿಯ ಲೆಕ್ಕದಲ್ಲಿರುತ್ತೆ. ಮೇಸ್ತ್ರಿ ಎಷ್ಟೇ ಜಾಣನಾದರೂ ಆ ಲೆಕ್ಕ ಅವನ ಟೇಪಿಗೆ ಸಿಗುವುದಿಲ್ಲ.

ಕಾನೂನು ಏನನ್ನುತ್ತೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿದ ಗಾಡಿಯ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ಎಲ್ಲ ರಾಜ್ಯಗಳಿಗೂ ಬರೆಯಿತು. 2019ರ ತಿದ್ದುಪಡಿಯಲ್ಲಿ 182ಎ ಕಲಂ ಬಂತು: ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಈ ದಂಡ ಬೀಳುವುದು ಗಾಡಿ ಮಾಲೀಕನ ಮೇಲೆ. ಬೆಸೆದುಕೊಟ್ಟವನಿಗೆ ಕೂಲಿ ಬಂತು, ಹಾಕಿಸಿಕೊಂಡವನಿಗೆ ಚಲನ್ ಬಂತು.

ಯೂರೋಪಿನಲ್ಲಿ 2007ರ ಹೊತ್ತಿಗೇ ಹೊಸ ಗಾಡಿಗಳಿಗೆ ಗಟ್ಟಿ ಉಕ್ಕಿನ ಗಾರ್ಡ್ ಬಂದ್. ಆಸ್ಟ್ರೇಲಿಯಾದಲ್ಲಿ ಮಾತ್ರ ಉಂಟು, ಅಲ್ಲಿ ರಾತ್ರಿ ಹೆದ್ದಾರಿಗೆ ಕಾಂಗರೂ ಹಾರುತ್ತೆ. ಹಲಸೂರಿನಲ್ಲಿ ಅಡ್ಡ ಬರುವುದು ಸ್ಕೂಲ್ ಮಕ್ಕಳು.

ಹಾಗಂತ ಗುಜರಿಯ ಕೈಕೆಲಸಕ್ಕೆ ಬೆಂಕಿ ಹಚ್ಚಿ ಅಂತ ಈ ಅಂಕಣ ಹೇಳುತ್ತಿಲ್ಲ. ಹಳೇ ಜೀಪು, ಜಿಪ್ಸಿಗಳಿಗೆ ಕಂಪನಿಯೇ ಕಬ್ಬಿಣದ ಬಂಪರ್ ಕೊಟ್ಟಿತ್ತು. ತುಕ್ಕು ಹಿಡಿದಾಗ ಅದೇ ಅಳತೆಗೆ ಇನ್ನೊಂದು ಮಾಡಿಸುವುದು ಬೇರೆ ಮಾತು. ಖಾಸಗಿ ತೋಟದೊಳಗೆ, ಸ್ಪರ್ಧೆಯ ಕಣದಲ್ಲಿ ಓಡುವ ಗಾಡಿಗೆ ಬೋಲ್ಟಿನಲ್ಲಿ ಹಾಕಿ ತೆಗೆಯುವಂತೆ ಮಾಡಿಸುವವರೂ ಇದ್ದಾರೆ. ಅವರು ಊರೊಳಗೆ ಬರುವಾಗ ಬಿಚ್ಚಿ ಹಿಂದೆ ಹಾಕಿಕೊಂಡು ಬರಲಿ. ಕೆ.ಆರ್. ಪುರ ಆರ್.ಟಿ.ಓ. ಕಚೇರಿಗೆ ಎಫ್.ಸಿ.ಗೆ ಹೋಗುವ ದಿನ ಮಾತ್ರ ಬಿಚ್ಚಿ, ಮಾರನೇ ದಿನ ಮತ್ತೆ ಬಿಗಿಯುವ ಬುದ್ಧಿವಂತರು ಕೂಡ ಆ ನಾಲ್ಕು ಬೋಲ್ಟು ತೆಗೆಯಲು ಎಷ್ಟು ಹೊತ್ತು ಹಿಡಿಯಿತು ನೆನಪಿಸಿಕೊಳ್ಳಲಿ. ಕಾಲು ಗಂಟೆಯೂ ಇಲ್ಲ.

ಪೂರ್ತಿ ಬಿಚ್ಚಿಹಾಕಿದರೂ ನಷ್ಟವೇನಿಲ್ಲ. ಅದೇ ಓಣಿಯಲ್ಲಿ ತಕ್ಕಡಿ ಇದೆ, ಕಬ್ಬಿಣ ತೂಕಕ್ಕೆ ಹೋಗುತ್ತೆ.