ವಾಹನ ಮಾರಾಟ ಮತ್ತು ಸಾಲ: ಪ್ರತಿಸ್ಪರ್ಧಿಗಳ ಅರಿವು, ಹೆಸರಿನ ರಕ್ಷಣೆ

ಜನರಲ್ ಮೋಟಾರ್ಸ್ ಸಂಸ್ಥೆಯು 2017ರ ಕೊನೆಯಲ್ಲಿ ಭಾರತದಲ್ಲಿ ಷೆವ್ರೊಲೆ ಕಾರುಗಳ ಮಾರಾಟವನ್ನು ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಸಂಸ್ಥೆಯು ಇಲ್ಲಿ ಕಾರು ತಯಾರಿಕೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಇಂತಹ ಸಂದರ್ಭದಲ್ಲಿ ಮಾರಾಟಗಾರನಿಗೆ ಕಟ್ಟಡ, ನೌಕರರು ಹಾಗೂ ಬ್ಯಾಂಕಿನ ಸಾಲ ಉಳಿಯುತ್ತವೆ. ಗ್ರಾಹಕರು ಗುರುತಿಸುತ್ತಿದ್ದ ಹೆಸರು ಮಾತ್ರ ಅವನದಾಗಿರುವುದಿಲ್ಲ. ಆದುದರಿಂದ ವಾಹನ ಮಾರಾಟ ಹಾಗೂ ಸಾಲದ ವ್ಯವಹಾರದಲ್ಲಿರುವ ಸದಸ್ಯರು ಎರಡು ವಿಷಯಗಳತ್ತ ಗಮನ ಹರಿಸುವುದು ಅಗತ್ಯ.

ಪ್ರತಿಸ್ಪರ್ಧಿಗಳು ಯಾರು?

ಎದುರಿನ ಷೋರೂಮ್ ಒಂದೇ ಪ್ರತಿಸ್ಪರ್ಧಿಯಲ್ಲ. ಠೇವಣಿಯ ಬಲವುಳ್ಳ ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸಾಲ ನೀಡಬಲ್ಲವು. 1954ರಲ್ಲಿ ಆರಂಭವಾದ ಸುಂದರಂ ಫೈನಾನ್ಸ್, ಹಳೆಯ ಲಾರಿಗಳಿಗೆ ಸಾಲ ನೀಡಿ ಬೆಳೆದ ಶ್ರೀರಾಮ್ ಸಂಸ್ಥೆಗಳಂತಹ ಬ್ಯಾಂಕೇತರ ಸಂಸ್ಥೆಗಳಿಗೆ ಗ್ರಾಹಕನ ನೇರ ಪರಿಚಯವೇ ಬಂಡವಾಳ. ಮಹೀಂದ್ರ ಫೈನಾನ್ಸ್‌ನಂತಹವು ತಯಾರಕರ ಸಮೂಹಕ್ಕೇ ಸೇರಿದವು. ಮಾರುತಿ ಸಂಸ್ಥೆಯು 2001ರಲ್ಲಿ ‘ಟ್ರೂ ವ್ಯಾಲ್ಯೂ’ ಹೆಸರಿನಲ್ಲಿ ಹಳೆಯ ಕಾರುಗಳ ವ್ಯಾಪಾರಕ್ಕೂ ಇಳಿಯಿತು. ಬಡ್ಡಿಯ ದರ, ಮುಂಗಡ ಹಣ, ಸಾಲ ಮಂಜೂರಾತಿಗೆ ಹಿಡಿಯುವ ಕಾಲ, ಹಳೆಯ ವಾಹನಕ್ಕೆ ಕಟ್ಟುವ ಬೆಲೆ – ಈ ನಾಲ್ಕರಲ್ಲಿ ಪ್ರತಿಯೊಬ್ಬರನ್ನೂ ತಮ್ಮೊಡನೆ ಹೋಲಿಸಿ ನೋಡಬೇಕು.

ವ್ಯಾಪಾರ ಚಿಹ್ನೆ

1999ರ ಟ್ರೇಡ್‌ಮಾರ್ಕ್ ಕಾಯಿದೆಯು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ನೋಂದಣಿಯ ಅವಧಿ 10 ವರ್ಷ; ಬಳಿಕ ನವೀಕರಿಸಬಹುದು. ವಾಹನಗಳು 12ನೆಯ ವರ್ಗಕ್ಕೂ, ಮಾರಾಟ ಸೇವೆಯು 35ನೆಯ ವರ್ಗಕ್ಕೂ, ಸಾಲದ ವ್ಯವಹಾರವು 36ನೆಯ ವರ್ಗಕ್ಕೂ ಸೇರುತ್ತವೆ. ಎರಡೂ ವ್ಯವಹಾರ ನಡೆಸುವವರು ಕೊನೆಯ ಎರಡು ವರ್ಗಗಳಲ್ಲಿಯೂ ತಮ್ಮ ಹೆಸರನ್ನು ನೋಂದಾಯಿಸಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಅಂಗೀಕೃತ ಅರ್ಜಿಗಳು ಟ್ರೇಡ್‌ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾಗುತ್ತವೆ. 4 ತಿಂಗಳೊಳಗೆ ಆಕ್ಷೇಪಿಸಲು ಅವಕಾಶವಿದೆ. ಇದನ್ನು ಓದುವುದರಿಂದ ಇನ್ನೊಂದು ಲಾಭವೂ ಉಂಟು: ವಾಹನ ತಯಾರಕನೊಬ್ಬ 36ನೆಯ ವರ್ಗದಲ್ಲಿ ಅರ್ಜಿ ಹಾಕಿದ್ದರೆ, ಅವನು ಸಾಲದ ಕ್ಷೇತ್ರಕ್ಕೆ ಬರುವ ಸೂಚನೆ ಮೊದಲೇ ದೊರೆಯುತ್ತದೆ.

ಪ್ರಿಯಸ್ ಪ್ರಕರಣದ ಪಾಠ

ಟೊಯೊಟಾ ಸಂಸ್ಥೆಯು 1997ರಲ್ಲಿ ಜಪಾನಿನಲ್ಲಿ ‘ಪ್ರಿಯಸ್’ ಕಾರನ್ನು ಬಿಡುಗಡೆ ಮಾಡಿತು. ಭಾರತದ ಬಿಡಿಭಾಗ ತಯಾರಕರೊಬ್ಬರು 2001ರಿಂದ ಅದೇ ಹೆಸರನ್ನು ಬಳಸಿ, 2002ರಲ್ಲಿ ನೋಂದಣಿ ಪಡೆದರು. ವ್ಯಾಜ್ಯವು ಸುಪ್ರೀಂ ಕೋರ್ಟ್ ತಲುಪಿ, 2017ರ ಡಿಸೆಂಬರ್ 14ರಂದು ಟೊಯೊಟಾಕ್ಕೆ ವಿರುದ್ಧವಾಗಿ ತೀರ್ಮಾನವಾಯಿತು. 2001ರ ವೇಳೆಗೆ ಆ ಹೆಸರಿಗೆ ಭಾರತದಲ್ಲಿಯೇ ಖ್ಯಾತಿಯಿತ್ತೆಂಬುದು ರುಜುವಾತಾಗಲಿಲ್ಲ. ಹೊರದೇಶದ ಪ್ರಸಿದ್ಧಿಯೊಂದೇ ಸಾಲದು ಎಂಬುದು ತೀರ್ಪಿನ ಸಾರ.

ಇದರ ಪಾಠ ಸಣ್ಣ ವ್ಯಾಪಾರಿಗೂ ಅನ್ವಯಿಸುತ್ತದೆ. ಹೆಸರು ಮೊದಲು ಬಳಕೆಗೆ ಬಂದ ದಿನದಿಂದಲೇ ದಿನಾಂಕವಿರುವ ಬಿಲ್ಲು, ಜಾಹೀರಾತು, ಸಾಲಪತ್ರಗಳನ್ನು ಜೋಪಾನವಾಗಿಡಬೇಕು. ಮುಂದೆ ನ್ಯಾಯಾಲಯದಲ್ಲಿ ಖ್ಯಾತಿಗೆ ಸಾಕ್ಷಿ ನುಡಿಯುವುದು ಅವೇ. ತಯಾರಕರ ಹೆಸರಿನ ಬಳಕೆಯು ಡೀಲರ್ ಒಪ್ಪಂದದ ಷರತ್ತುಗಳಿಗೆ ಒಳಪಟ್ಟಿರುತ್ತದೆ. ಆದ್ದರಿಂದ ಫಲಕದಲ್ಲಿಯೂ ರಸೀದಿಯಲ್ಲಿಯೂ ಸ್ವಂತ ಹೆಸರಿಗೆ ಈಗಿನಿಂದಲೇ ಸ್ಥಾನ ಕಲ್ಪಿಸುವುದು ಲೇಸು.