ವಿದ್ಯಾರ್ಥಿಗಳ ಸಮೀಪದೃಷ್ಟಿ: ಅದರ ಕಾರಣವೂ ಪರಿಹಾರವೂ

ಹತ್ತಿರದ ವಸ್ತುಗಳು ಸ್ಫುಟವಾಗಿಯೂ ದೂರದವು ಮಸುಕಾಗಿಯೂ ತೋರುವ ನೇತ್ರದೋಷಕ್ಕೆ ಸಮೀಪದೃಷ್ಟಿಯೆಂದೂ ಹ್ರಸ್ವದೃಷ್ಟಿಯೆಂದೂ ಹೆಸರು. ನಲವತ್ತು ವರ್ಷ ಕಳೆದ ಮೇಲೆ ಕಣ್ಣಿನೊಳಗಣ ಮಸೂರವು ಬಿರುಸಾಗಿ, ಪುಸ್ತಕವನ್ನು ದೂರ ಹಿಡಿದು ಓದುವಂತೆ ಮಾಡುವ ಚಾಳೀಸು ಬೇರೆ, ಇದು ಬೇರೆ. ಚಾಳೀಸು ಬಂದವನು ತನ್ನ ಕುಂದನ್ನು ತಾನೇ ಅರಿಯುವನು. ಸಮೀಪದೃಷ್ಟಿಯುಳ್ಳ ಬಾಲಕನಾದರೋ ಲೋಕವು ಎಲ್ಲರಿಗೂ ಹೀಗೆಯೇ ತೋರುವುದೆಂದು ಭಾವಿಸಿ ಸುಮ್ಮನಿರುವನು. ಕರಿಹಲಗೆಯ ಮೇಲಣ ಅಕ್ಷರಗಳನ್ನು ತಪ್ಪಾಗಿ ಬರೆದುಕೊಂಡ ಹುಡುಗನು ಮಂದಬುದ್ಧಿಯೆಂದೋ ಅಲಕ್ಷ್ಯದವನೆಂದೋ ಎಣಿಸಲ್ಪಡುವುದುಂಟು. ಆದಕಾರಣ ಈ ವಿಷಯವು ವೈದ್ಯರಿಗೆ ಎಷ್ಟು ಸಂಬಂಧಪಟ್ಟುದೋ ಉಪಾಧ್ಯಾಯರಿಗೂ ಅಷ್ಟೇ ಸಂಬಂಧಪಟ್ಟುದಾಗಿದೆ.

ಈ ದೋಷದ ಸ್ವರೂಪವನ್ನು ೧೬೦೪ರಲ್ಲಿ ಖಗೋಲಶಾಸ್ತ್ರಜ್ಞನಾದ ಯೋಹಾನ್ನೆಸ್ ಕೆಪ್ಲರನು ವಿವರಿಸಿದನು. ವಸ್ತುವಿನ ಬಿಂಬವು ಕಣ್ಣಿನ ಹಿಂಭಾಗದ ಅಕ್ಷಿಪಟದ ಮೇಲೆ ಮೂಡಬೇಕು. ಸಮೀಪದೃಷ್ಟಿಯಲ್ಲಿ ದೂರದಿಂದ ಬಂದ ಕಿರಣಗಳು ಆ ಪಟಕ್ಕಿಂತ ಮುಂದೆಯೇ ಕೂಡಿಬಿಡುವುವು. ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣ ಕಣ್ಣುಗುಡ್ಡೆಯ ಅತಿಯಾದ ಬೆಳವಣಿಗೆ. ಶಿಶುವಿನ ಕಣ್ಣು ಹುಟ್ಟಿದಾಗ ಸುಮಾರು ೧೭ ಮಿಲಿಮೀಟರು ಉದ್ದವಾಗಿದ್ದು, ಪ್ರೌಢಾವಸ್ಥೆಯಲ್ಲಿ ಸುಮಾರು ೨೪ ಆಗುವುದು. ಈ ಹದವನ್ನು ಮೀರಿ ಒಂದು ಮಿಲಿಮೀಟರು ನೀಳವಾದರೂ ದೋಷವು ಸುಮಾರು ೨.೫ ಡಯಾಪ್ಟರಿನಷ್ಟು ಹೆಚ್ಚುವುದು. ನೀಳವಾದ ಕಣ್ಣನ್ನು ಮರಳಿ ಕುಗ್ಗಿಸುವ ಉಪಾಯವಿಲ್ಲ. ದೋಷವು ೬ ಡಯಾಪ್ಟರನ್ನು ಮೀರಿದರೆ ಅಕ್ಷಿಪಟವು ಹರಿಯುವ ಅಥವಾ ಕಳಚಿಕೊಳ್ಳುವ ಅಪಾಯವು ವಿಶೇಷವಾಗಿ ಹೆಚ್ಚುವುದು. ಆದ್ದರಿಂದ ಬೆಳವಣಿಗೆಯ ವಯಸ್ಸಿನಲ್ಲಿಯೇ ಇದನ್ನು ತಡೆಯುವುದು ಅವಶ್ಯಕ.

ಶಾಲೆಗೂ ಈ ದೋಷಕ್ಕೂ ಉಳ್ಳ ಸಂಬಂಧವನ್ನು ಮೊದಲು ವಿಸ್ತಾರವಾಗಿ ಪರೀಕ್ಷಿಸಿದವನು ಬ್ರೆಸ್ಲಾವ್ ನಗರದ ವೈದ್ಯನಾದ ಹೆರ್ಮಾನ್ ಕೋನ್. ಅವನು ೧೦,೦೬೦ ವಿದ್ಯಾರ್ಥಿಗಳ ಕಣ್ಣುಗಳನ್ನು ಪರೀಕ್ಷಿಸಿ ೧೮೬೭ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ಹಳ್ಳಿಯ ಶಾಲೆಗಳಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಮೆಯಿದ್ದ ಈ ದೋಷವು ಉನ್ನತ ಶಾಲೆಗಳಾದ ಜಿಮ್ನೇಸಿಯಂಗಳಲ್ಲಿ ನೂರಕ್ಕೆ ೨೬ರಷ್ಟಿದ್ದಿತು. ವಿದ್ಯೆಯೇ ಕಣ್ಣನ್ನು ಕೆಡಿಸಿತೋ, ಅಥವಾ ದೂರ ಕಾಣದವರೇ ವಿದ್ಯೆಯ ಕಡೆಗೆ ಒಲಿದರೋ ಎಂಬ ಸಂದೇಹವು ಇಲ್ಲಿ ಸಹಜವಾಗಿ ಹುಟ್ಟುವುದು. ೨೦೧೮ರಲ್ಲಿ ಬ್ರಿಟನ್ನಿನ ಸುಮಾರು ೬೮,೦೦೦ ಜನರ ಆನುವಂಶಿಕ ಲಕ್ಷಣಗಳನ್ನು ಆಧಾರವಾಗಿಟ್ಟುಕೊಂಡು ನಡೆದ ಸಂಶೋಧನೆಯು ವ್ಯಾಸಂಗದ ವರ್ಷಗಳೇ ಕಾರಣವೆಂಬ ಪಕ್ಷವನ್ನು ಸಮರ್ಥಿಸಿತು.

ಹಾಗೆಂದ ಮಾತ್ರಕ್ಕೆ ಪುಸ್ತಕವೊಂದೇ ಅಪರಾಧಿಯಲ್ಲ. ಓದಿನಲ್ಲಿ ಕಳೆದ ಹೊತ್ತು ಬಹುಮಟ್ಟಿಗೆ ಬಯಲಿನಿಂದ ಕಳೆದುಹೋದ ಹೊತ್ತು. ಹಗಲಿನ ಬಯಲಿನಲ್ಲಿ ಬೆಳಕು ೧೦,೦೦೦ ಲಕ್ಸನ್ನು ಸುಲಭವಾಗಿ ಮೀರುವುದು. ಕೊಠಡಿಯೊಳಗೆ ಅದು ಸಾಮಾನ್ಯವಾಗಿ ಕೆಲವು ನೂರು ಮಾತ್ರ. ತೀವ್ರವಾದ ಬೆಳಕಿನಿಂದ ಅಕ್ಷಿಪಟದಲ್ಲಿ ಡೋಪಮೀನ್ ಎಂಬ ದ್ರವ್ಯವು ಹೊರಟು ಕಣ್ಣಿನ ಅತಿಬೆಳವಣಿಗೆಯನ್ನು ತಡೆಯುವುದೆಂದು ಪ್ರಾಣಿಗಳ ಮೇಲಣ ಪ್ರಯೋಗಗಳಿಂದ ಊಹಿಸಲಾಗಿದೆ. ಚೀನಾದ ಗ್ವಾಂಗ್‌ಜೌ ನಗರದ ೧೨ ಶಾಲೆಗಳಲ್ಲಿ ಈ ವಿಚಾರವು ಪರೀಕ್ಷಿಸಲ್ಪಟ್ಟಿತು. ಅರ್ಧದಷ್ಟು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ ೪೦ ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಇರಿಸಲಾಯಿತು. ೨೦೧೫ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಈ ಮಕ್ಕಳ ಪೈಕಿ ನೂರಕ್ಕೆ ೩೦.೪ ಮಂದಿಗೂ, ಉಳಿದ ಶಾಲೆಗಳಲ್ಲಿ ೩೯.೫ ಮಂದಿಗೂ ಹೊಸದಾಗಿ ದೋಷವು ಕಾಣಿಸಿತು.

ದೋಷವು ಬಂದ ಮೇಲೆ ತಕ್ಕ ನಿಮ್ನಮಸೂರದ ಸುಲೋಚನವೇ ಮೊದಲನೆಯ ಸಾಧನ. ಕನ್ನಡಕವನ್ನು ಹಾಕಿಕೊಂಡರೆ ಕಣ್ಣು ಅದಕ್ಕೆ ಒಗ್ಗಿ ಇನ್ನೂ ಕೆಡುವುದೆಂಬ ನಂಬಿಕೆಗೆ ಆಧಾರವಿಲ್ಲ. ಬೇಕಾದುದಕ್ಕಿಂತ ಕಡಮೆ ಶಕ್ತಿಯ ಕನ್ನಡಕವನ್ನು ಕೊಟ್ಟು ನೋಡಿದ ಮಲೇಶಿಯದ ಪ್ರಯೋಗದಲ್ಲಿ ದೋಷವು ನಿಧಾನವಾಗಲಿಲ್ಲ, ಬದಲಾಗಿ ಹೆಚ್ಚು ವೇಗವಾಗಿ ಬೆಳೆಯಿತೆಂದು ೨೦೦೨ರಲ್ಲಿ ವರದಿಯಾಯಿತು. ಆದರೆ ಸಾಮಾನ್ಯ ಸುಲೋಚನವು ದೃಷ್ಟಿಯನ್ನು ತಿದ್ದುವುದೇ ಹೊರತು ಕಣ್ಣಿನ ಬೆಳವಣಿಗೆಯನ್ನು ತಡೆಯಲಾರದು. ಅದನ್ನು ನಿಧಾನಗೊಳಿಸುವುದಕ್ಕಾಗಿ ಅತ್ಯಲ್ಪ ಪ್ರಮಾಣದ ಅಟ್ರೊಪೀನ್ ಹನಿಗಳೂ, ಅಂಚಿನ ಭಾಗದಲ್ಲಿ ಕಿರಣಗಳನ್ನು ಬೇರೆ ರೀತಿಯಾಗಿ ಬಾಗಿಸುವ ವಿಶೇಷ ಮಸೂರಗಳೂ ಈಗ ಬಳಕೆಗೆ ಬಂದಿವೆ. ಇವುಗಳನ್ನು ನೇತ್ರವೈದ್ಯರ ಪರೀಕ್ಷೆಯಿಲ್ಲದೆ ಉಪಯೋಗಿಸತಕ್ಕುದಲ್ಲ.

ಉಪಾಧ್ಯಾಯರ ಪಾಲಿನ ಕೆಲಸವು ಇದಕ್ಕಿಂತ ಸರಳವಾದುದು. ಕಣ್ಣು ಕಿರಿದು ಮಾಡಿ ನೋಡುವ, ಪುಸ್ತಕವನ್ನು ಮುಖಕ್ಕೆ ತಾಗಿಸಿಕೊಂಡು ಓದುವ, ನೆರೆಯವನ ಪುಸ್ತಕದಿಂದ ಬರೆದುಕೊಳ್ಳುವ ಮಗುವನ್ನು ಶಿಕ್ಷಿಸುವ ಮುನ್ನ ಅದರ ದೃಷ್ಟಿಯನ್ನು ಪರೀಕ್ಷಿಸಲು ಹೆತ್ತವರಿಗೆ ಹೇಳಿಕಳುಹಿಸಬೇಕು. ಆಟದ ಹೊತ್ತನ್ನು ಪಾಠಕ್ಕಾಗಿ ಕಿತ್ತುಕೊಳ್ಳುವ ಪದ್ಧತಿಯನ್ನು ಬಿಡಬೇಕು. ಪದ್ಯವನ್ನು ಬಾಯಿಪಾಠ ಮಾಡಿಸುವುದು, ಕಥೆಯನ್ನು ಹೇಳಿ ಕೇಳಿಸುವುದು ಮುಂತಾದುವು ಮರದ ನೆರಳಿನಲ್ಲಿಯೂ ನಡೆಯಬಲ್ಲುವು. ನೆರಳಿನ ಬೆಳಕೂ ಕೊಠಡಿಯ ಬೆಳಕಿಗಿಂತ ಎಷ್ಟೋ ಮಡಿ ಹೆಚ್ಚು. ಸಾಹಿತ್ಯದ ಪಾಠವು ಪುಸ್ತಕದ ಪುಟದಲ್ಲಿಯೇ ನಡೆಯಬೇಕೆಂಬ ನಿಯಮವೇನೂ ಇಲ್ಲವಷ್ಟೆ.