ಒಂಬತ್ತು ದಿನದ ವೀರಕುಮಾರ

ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಬಲ್ಲವರಿಗೆ ಅಲ್ಲಿನ ಕಂಪ್ಯೂಟರ್ ಅಂಗಡಿಗಳ ಸಾಲು ಗೊತ್ತೇ ಇರುತ್ತದೆ. ಅಂಥದೊಂದು ಅಂಗಡಿಯಲ್ಲಿ ಇಪ್ಪತ್ತಮೂರು ವರ್ಷದ ಒಬ್ಬ ಹುಡುಗ ಕೆಲಸಕ್ಕಿದ್ದಾನೆ. ನನ್ನ ಹಳೆಯ ಯಂತ್ರ ಕೆಟ್ಟಾಗಲೆಲ್ಲ ಅದನ್ನು ಬದುಕಿಸಿಕೊಡುವವನು ಅವನೇ. ಒಂದು ಚೈತ್ರಮಾಸದಲ್ಲಿ ಹೀಗೆಯೇ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಹೋದಾಗ ಹುಡುಗನ ಜಾಗ ಖಾಲಿ ಇತ್ತು. "ಎಲ್ಲಪ್ಪ ಅವನು?" ಎಂದು ಕೇಳಿದೆ. ಅಂಗಡಿಯ ಯಜಮಾನರು ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ, "ಕತ್ತಿ ಹಿಡಿಯೋಕೆ ಹೋಗಿದಾನೆ ಸಾರ್. ಹುಣ್ಣಿಮೆ ಕಳೀಲಿ, ಬರ್ತಾನೆ" ಎಂದರು.

ಬೇರೆ ಊರಿನವರು ಈ ಮಾತು ಕೇಳಿದ್ದರೆ ಗಾಬರಿಯಾಗುತ್ತಿದ್ದರೇನೊ. ಪೇಟೆಯಲ್ಲಿ ಇದು ಯಾರನ್ನೂ ಬೆಚ್ಚಿಸುವ ಮಾತಲ್ಲ. ಹುಡುಗ ತಿಗಳರ ಮನೆಯವನು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಕರಗಕ್ಕೆ ಅವನ ತಾತ ಕತ್ತಿ ಹಿಡಿದಿದ್ದರು, ತಂದೆ ಹಿಡಿದಿದ್ದರು, ಈಗ ಇವನು. ಹೀಗೆ ಕತ್ತಿ ಹಿಡಿದು ಕರಗದ ಜೊತೆಗೆ ನಡೆಯುವವರನ್ನು ವೀರಕುಮಾರರೆಂದು ಕರೆಯುತ್ತಾರೆ. ಕರಗದ ವಿಷಯವಾಗಿ ಬರೆದವರೆಲ್ಲ ಕರಗ ಹೊರುವ ಪೂಜಾರಿಯ ಬಗೆಗೆ ಬರೆಯುತ್ತಾರೆ, ಅದು ಸಹಜವೇ. ಆದರೆ ಒಬ್ಬ ಪೂಜಾರಿಯ ಸುತ್ತ ನಡೆಯುವ ಸಾವಿರಾರು ಮಂದಿಯ ಕಡೆಯಿಂದ ಈ ಹಬ್ಬವನ್ನು ನೋಡಿದರೆ ಬೇರೊಂದೇ ಬೆಂಗಳೂರು ಕಾಣುತ್ತದೆಂದು ನನಗೆ ತೋರಿದೆ. ಅದನ್ನೇ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಕತೆ. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟರಷ್ಟೆ. ದಾರಿಯಲ್ಲಿ ದ್ರೌಪದಿ ಮೂರ್ಛೆಹೋಗಿ ಹಿಂದೆ ಉಳಿದಳು. ಎಚ್ಚರವಾದಾಗ ಸುತ್ತ ಯಾರೂ ಇಲ್ಲ. ಎದುರಿಗೆ ತಿಮಿರಾಸುರನೆಂಬ ರಾಕ್ಷಸ. ಆಕೆ ಆದಿಶಕ್ತಿಯ ರೂಪ ತಾಳಿ ತನ್ನ ಮೈಯಿಂದಲೇ ವೀರಕುಮಾರರ ಪಡೆಯನ್ನು ಹುಟ್ಟಿಸಿದಳು. ಅವರು ಅಸುರನನ್ನು ಕೊಂದರು. ಕೆಲಸ ಮುಗಿಯಿತೆಂದು ತಾಯಿ ಹೊರಟು ನಿಂತಾಗ ಮಕ್ಕಳು ಬಿಡಲಿಲ್ಲ. ಆಗ ಆಕೆ, ವರ್ಷಕ್ಕೊಮ್ಮೆ ಬಂದು ನಿಮ್ಮೊಡನೆ ಇರುತ್ತೇನೆ ಎಂದು ಮಾತು ಕೊಟ್ಟಳಂತೆ. ವ್ಯಾಸರ ಭಾರತದಲ್ಲಿ ಇದನ್ನು ಹುಡುಕಿದರೆ ಸಿಕ್ಕದು. ಇದು ತಿಗಳರ ಭಾರತ. ಅವರು ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುತ್ತಾರೆ. ಗ್ರಂಥದ ಭಾರತದಲ್ಲಿ ದ್ರೌಪದಿ ಬಿದ್ದಲ್ಲಿಗೆ ಅವಳ ಕತೆ ಮುಗಿಯಿತು. ಇವರ ಭಾರತದಲ್ಲಿ ಕತೆ ತೊಡಗುವುದೇ ಅಲ್ಲಿಂದ. ಗಂಡಂದಿರು ಐವರೂ ಬಿಟ್ಟು ಮುಂದೆ ನಡೆದ ಮೇಲೆ ಆಕೆಗೆ ಒದಗಿದವರು ಮಕ್ಕಳು ಎಂಬ ಭಾವ ಇದರಲ್ಲಿದೆ. ಅಂಗಡಿಯ ಹುಡುಗ ಕತ್ತಿ ಹಿಡಿಯುವುದು ಆ ಮಗನ ಸ್ಥಾನದಲ್ಲಿ ನಿಂತು.

ಚೈತ್ರ ಶುದ್ಧ ಸಪ್ತಮಿಯಂದು ಧ್ವಜಾರೋಹಣ. ಅಲ್ಲಿಂದ ಹುಣ್ಣಿಮೆಗೆ ಒಂಬತ್ತು ದಿನ. ಹುಡುಗನ ಮನೆಯಲ್ಲಿ ಈ ಒಂಬತ್ತು ದಿನಕ್ಕೆ ಅವನ ಚಾಪೆ ಬೇರೆ, ತಟ್ಟೆ ಬೇರೆ. ಮಾಂಸವಿಲ್ಲ, ಚಪ್ಪಲಿಯಿಲ್ಲ, ಹರಟೆ ಹೊಡೆಯಲು ಗೆಳೆಯರ ಗುಂಪಿಗೆ ಹೋಗುವಂತಿಲ್ಲ. "ಮೊಬೈಲು?" ಎಂದು ಕೇಳಿದೆ. ನಕ್ಕುಬಿಟ್ಟ. "ಅದಕ್ಕೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ ಸಾರ್" ಎಂದ.

ವ್ರತ ಹಿಡಿಯುವವನು ಮಗ, ದುಡಿಯುವವಳು ತಾಯಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀರು ಕಾಯಿಸುವುದು, ಮಡಿಯಲ್ಲಿ ಅಡಿಗೆ, ಬಿಳಿ ಪಂಚೆಯನ್ನು ದಿನವೂ ಒಗೆದು ಒಣಗಿಸುವುದು, ಎಲ್ಲವೂ ಆಕೆಯದೇ. ಇದರ ಜೊತೆಗೆ ಆಕೆಯದೇ ಆದ ಸೇವೆಯೂ ಒಂದುಂಟು. ಹಬ್ಬದ ನಡುವೆ ಒಂದು ರಾತ್ರಿ ಕುಲದ ಹೆಂಗಸರು ಹೂವಿನಿಂದ ಸಿಂಗರಿಸಿದ ಆರತಿಯ ದೀಪಗಳನ್ನು ತಲೆಯ ಮೇಲೆ ಹೊತ್ತು ದೇವಸ್ಥಾನಕ್ಕೆ ಬರುತ್ತಾರೆ. ಪತ್ರಿಕೆಗಳ ಛಾಯಾಚಿತ್ರಕಾರರು ಹುಣ್ಣಿಮೆಯ ರಾತ್ರಿಗಾಗಿ ಕಾದಿರುವುದರಿಂದ ಈ ದೀಪಗಳ ರಾತ್ರಿ ಅವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ನನ್ನನ್ನು ಕೇಳಿದರೆ, ಹುಣ್ಣಿಮೆಯ ನೂಕುನುಗ್ಗಲಿಗೆ ಅಂಜುವವರು ಈ ರಾತ್ರಿಯೇ ಹೋಗಿ ನೋಡುವುದು ಒಳ್ಳೆಯದು.

ಇನ್ನು ಕತ್ತಿ. ಅದನ್ನು ಅವರು ಅಲಗು ಎನ್ನುತ್ತಾರೆ. ಹುಡುಗನ ಕೈಯಲ್ಲಿರುವುದು ತಾತನದು. ವರ್ಷವೆಲ್ಲ ಬಟ್ಟೆ ಸುತ್ತಿಕೊಂಡು ಅಟ್ಟದ ಮೇಲಿರುತ್ತದೆ. ಅಲಗು ಸೇವೆ ಎಂದರೆ ವೀರಕುಮಾರರು ಸಾಲಾಗಿ ನಿಂತು ದೇವಿಯ ಹೆಸರು ಹೇಳುತ್ತ ಅಲಗನ್ನು ಎದೆಗೆ ಬಡಿದುಕೊಳ್ಳುವುದು. ಮೊದಲ ವರ್ಷ ತನ್ನ ಕೈ ನಡುಗಿತೆಂದೂ, ಪಕ್ಕದಲ್ಲಿದ್ದ ದೊಡ್ಡಪ್ಪ, "ತಾಯಿ ಹೆಸರು ಹೇಳ್ಕೊಳೊ, ಕತ್ತಿ ನೋಡಬೇಡ" ಎಂದು ಗದರಿದರೆಂದೂ ಹುಡುಗ ಹೇಳಿದ. ಈಗ ನಡುಗುವುದಿಲ್ಲವೇ ಎಂದರೆ, ನಡುಗುತ್ತದೆ ಆದರೆ ಗೊತ್ತಾಗುವುದಿಲ್ಲ ಎಂದು ಉತ್ತರ.

ಈ ಕತ್ತಿಗೆ ಒಂದು ಕಠಿಣವಾದ ಅರ್ಥವೂ ಇದೆ. ಕರಗವೆಂದರೆ ಮಣ್ಣಿನ ಕುಂಭ. ಒಳಗೇನಿದೆಯೆಂಬುದನ್ನು ಬಲ್ಲವರು ಹೇಳುವುದಿಲ್ಲ. ಅದರ ಮೇಲೆ ಮಲ್ಲಿಗೆಯ ಗೋಪುರ. ಪೂಜಾರಿ ಸೀರೆಯುಟ್ಟು, ಬಳೆ ತೊಟ್ಟು, ದ್ರೌಪದಿಯೇ ಆಗಿ ಅದನ್ನು ತಲೆಯ ಮೇಲೆ ಕೈಯಾಸರೆಯಿಲ್ಲದೆ ಹೊತ್ತು ನಡೆಯಬೇಕು. ಅವನು ತೊಡುವ ತಾಳಿ, ಬಳೆಗಳು ಅವನ ಹೆಂಡತಿಯವು. ಕರಗ ಮುಗಿಯುವ ತನಕ ಆಕೆ ಗಂಡನನ್ನು ನೋಡುವಂತಿಲ್ಲ ಎಂಬುದು ಪದ್ಧತಿ. ಕರಗ ಜಾರಿ ಬಿದ್ದರೆ ವೀರಕುಮಾರರು ಪೂಜಾರಿಯನ್ನು ಅದೇ ಕತ್ತಿಗಳಿಂದ ತೀರಿಸಿಬಿಡಬೇಕೆಂಬುದು ಹಿಂದಿನಿಂದ ಬಂದ ಕಟ್ಟಳೆ. ಅಂಥ ಸಂದರ್ಭ ಎಂದೂ ಬಂದಿಲ್ಲವೆಂದು ಪೇಟೆಯ ಹಿರಿಯರು ಹೇಳುತ್ತಾರೆ. ಆದರೂ ಕಾವಲಿಗೆ ಹಿಡಿದ ಕತ್ತಿಯೇ ದಂಡನೆಯ ಕತ್ತಿಯೂ ಹೌದೆಂಬ ಅರಿವು ಹುಡುಗನಿಗುಂಟು. "ಅದಕ್ಕೇ ಸಾರ್, ನಮ್ಮ ಕಣ್ಣು ರಾತ್ರಿಯೆಲ್ಲ ಅವರ ಪಾದದ ಮೇಲೇ ಇರುತ್ತೆ. ದಾರೀಲಿ ಒಂದು ಬಾಳೆಹಣ್ಣಿನ ಸಿಪ್ಪೆ ಕಂಡರೂ ನಮಗೆ ಜೀವ ಹೋದ ಹಾಗಾಗುತ್ತೆ" ಎಂದ. ಆ ರಾತ್ರಿ ಅವನು ಮಾಡುವ ಸಾಹಸವೆಂದರೆ ಬಹುಪಾಲು ಇಂಥದೇ: ಸಿಪ್ಪೆ ಒದೆಯುವುದು, ಅಡ್ಡ ಬಂದ ಸ್ಕೂಟರನ್ನು ಎತ್ತಿ ಪಕ್ಕಕ್ಕಿಡುವುದು, ತಗ್ಗಿ ತೂಗುವ ತಂತಿಯನ್ನು ಕೋಲಿನಿಂದ ಮೇಲಕ್ಕೆ ಹಿಡಿಯುವುದು.

ನಾನು ತಿಳಿದುಕೊಂಡುದರಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದುದು ನೀರಿನ ಸಂಗತಿ. ತಿಗಳರು ಮೂಲತಃ ತೋಟಗಾರರು. ಹೂವು, ಸೊಪ್ಪು, ತರಕಾರಿ ಬೆಳೆದು ಪೇಟೆಗೆ ಒದಗಿಸಿದವರು. ತೋಟಕ್ಕೆ ಕೆರೆ ಬೇಕು. ಹಳೆಯ ಬೆಂಗಳೂರಿನ ಸುತ್ತ ಅಂಥ ಕೆರೆಗಳಿದ್ದವು. ಕರಗದ ಮೂಲವೂ ನೀರಿನ ದಂಡೆಯಲ್ಲೇ. ತ್ರಯೋದಶಿಯಂದು ಹಸಿ ಕರಗ. ಅದು ಸಂಪಂಗಿ ಕೆರೆಯ ನಂಟಿನದು. ಆ ಕೆರೆ ಇಂದು ಎಲ್ಲಿ? ಕಂಠೀರವ ಕ್ರೀಡಾಂಗಣ ನಿಂತಿರುವುದು ಅದರ ಅಂಗಳದ ಮೇಲೆ. ಹಿಂದಿನ ಕೆರೆಯ ಗುರುತಾಗಿ ಅಲ್ಲೊಂದು ಕುಂಟೆ ಉಳಿದಿದೆ. ಅಣ್ಣಮ್ಮ ದೇವಿಯ ಗುಡಿಯ ಬಳಿಯ ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾಗಿದೆ. ಸಿದ್ದಿಕಟ್ಟೆಯಿದ್ದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿದೆ.

ಈ ಕೆರೆಗಳು ಒಂದೇ ದಿನಕ್ಕೆ ಹೋದುವಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ನೀರು. 1974ರಲ್ಲಿ ಕಾವೇರಿ, ಸುಮಾರು ನೂರು ಕಿಲೋಮೀಟರು ದೂರದಿಂದ ಪಂಪುಗಳು ಅದನ್ನು ಮೇಲಕ್ಕೆ ತಳ್ಳುತ್ತವೆ. ಮನೆಯ ನಲ್ಲಿಯಲ್ಲಿ ನೀರು ಬಿದ್ದ ಮೇಲೆ ಊರಿನ ಕೆರೆ ಯಾರಿಗೂ ಬೇಡವಾಯಿತು. ಬೇಡವಾದುದು ಮೊದಲು ಕೊಳೆಯಿತು, ಆಮೇಲೆ ಬತ್ತಿತು, ಕೊನೆಗೆ ನಿವೇಶನವಾಯಿತು. ತೋಟಗಳೂ ಹಾಗೆಯೇ. ಹುಡುಗನ ತಾತ ಸೊಪ್ಪಿನ ಮಡಿಗೆ ನೀರು ಕಟ್ಟಿದವರು; ಮೊಮ್ಮಗನಿಗೆ ಮಡಿ ಎಂದರೆ ಅಮ್ಮ ಮುಟ್ಟಬೇಡವೆನ್ನುವ ಬಟ್ಟೆ ಮಾತ್ರ! ಆದರೂ ಕರಗದ ವಿಧಿಗಳು ನೀರಿರುವ ಕಡೆಗೆ ಹೋಗಲೇಬೇಕಾದುದರಿಂದ, ವರ್ಷಕ್ಕೊಮ್ಮೆ ವೀರಕುಮಾರರು ಕೆರೆಯಿದ್ದ ಕಡೆಗೆ ಬರಿಗಾಲಲ್ಲಿ ನಡೆದುಹೋಗುತ್ತಾರೆ. ನಗರದ ನಕ್ಷೆಯಲ್ಲಿ ಈಗ ಇಲ್ಲದ ಕೆರೆ ಅವರ ಕಾಲಿಗೆ ಗೊತ್ತಿದೆ. ಸಂಪಂಗಿ ಕೆರೆ ಎಲ್ಲಿತ್ತೆಂದು ಈ ಹುಡುಗನನ್ನು ಕೇಳಿದರೆ ಅವನು ಕೈ ತೋರಿಸುವ ದಿಕ್ಕಿನಲ್ಲಿ ತಪ್ಪಿರುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ಮಕ್ಕಳಿಗೆ ಅದು ತಿಳಿಯದು.

ಹುಣ್ಣಿಮೆಯ ರಾತ್ರಿಯ ವಿಷಯಕ್ಕೆ ಬರೋಣ. ಅವನ ಮಾತು ಕೇಳಿ, ಅವೆನ್ಯೂ ರಸ್ತೆಯಲ್ಲಿ ಪರಿಚಯದವರೊಬ್ಬರ ಮಹಡಿಯ ಮೇಲೆ ಜಾಗ ಹಿಡಿದು ಕೂತೆ. ಕೆಳಗೆ ಮಲ್ಲಿಗೆಯ ವಾಸನೆ, ಕರ್ಪೂರದ ಹೊಗೆ, ಕಡಲೆಪುರಿಯ ಗಾಡಿಗಳು, ತಂದೆಯ ಹೆಗಲ ಮೇಲೆ ನಿದ್ದೆಹೋದ ಮಕ್ಕಳು. ಕರಗ ದೇವಸ್ಥಾನದಿಂದ ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ಒಂದು ಗಂಟೆಯಾಯಿತು, ಎರಡಾಯಿತು. ನಾನು ಗೋಡೆಗೆ ಒರಗಿದೆ. "ಗೋವಿಂದ, ಗೋವಿಂದ" ಎಂಬ ಮೊಳಗು ಕೇಳಿ ಎಚ್ಚೆತ್ತು ಎದ್ದು ಬಗ್ಗಿ ನೋಡುವಷ್ಟರಲ್ಲಿ ಬಿಳಿಯ ಹೂಗೋಪುರದ ಹಿಂಭಾಗ ಮಾತ್ರ ಕಂಡಿತು. ಕರಗ ನಡೆಯುವುದಿಲ್ಲ, ಹೆಚ್ಚುಕಡಿಮೆ ಓಡುತ್ತದೆ ಎಂಬುದನ್ನು ಯಾರೂ ನನಗೆ ಹೇಳಿರಲಿಲ್ಲ. ಆಮೇಲೆ ಬಹಳ ಹೊತ್ತು ಕತ್ತಿಗಳ ಹೊಳೆ ಹರಿಯಿತು. ಅದರಲ್ಲಿ ನನ್ನ ಹುಡುಗ ಯಾವನೆಂದು ಗುರುತಿಸುವುದು ಸಾಧ್ಯವಾಗಲಿಲ್ಲ. ಎಲ್ಲರದೂ ಬಿಳಿಯ ಪಂಚೆ, ಬಿಳಿಯ ಪೇಟ, ಒಂದೇ ಮುಖ.

ಆ ರಾತ್ರಿ ಕರಗ ಪೇಟೆಯ ಬೀದಿಬೀದಿಗಳಲ್ಲಿ ಸುತ್ತಿ ಹಲವು ಗುಡಿಗಳ ಮುಂದೆ ಪೂಜೆ ಪಡೆಯುತ್ತದೆ. ಹಾಗೆಯೇ ಅರಳೇಪೇಟೆಯಲ್ಲಿರುವ ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗುತ್ತದೆ. ಮಸ್ತಾನರು ಹದಿನೆಂಟನೆಯ ಶತಮಾನದ ಸೂಫಿ. ಈ ನಂಟು ಹೇಗೆ ಬೆಳೆಯಿತೆಂಬುದಕ್ಕೆ ಒಂದಲ್ಲ, ಹಲವು ಕತೆಗಳು ಪೇಟೆಯಲ್ಲಿವೆ, ಒಂದಕ್ಕೊಂದು ಹೊಂದುವುದಿಲ್ಲ. ಕತೆ ಯಾವುದಾದರೇನು, ಪೂಜಾರಿ ಒಳಗೆ ಹೋಗುತ್ತಾನೆ, ದರ್ಗಾದವರು ಎದುರುಗೊಳ್ಳುತ್ತಾರೆ. 2020ರಲ್ಲಿ ಮತ್ತು 2021ರಲ್ಲಿ ಸಾಂಕ್ರಾಮಿಕದ ಕಾರಣ ಕರಗ ದೇವಸ್ಥಾನದ ಆವರಣದಲ್ಲೇ ನಡೆಯಿತು. 2022ರ ಏಪ್ರಿಲಿನಲ್ಲಿ ಮತ್ತೆ ಬೀದಿಗೆ ಬರುವ ಹೊತ್ತಿಗೆ, ದರ್ಗಾಕ್ಕೆ ಹೋಗುವುದು ಬೇಡವೆಂಬ ಮಾತನ್ನು ಕೆಲವರು ಎತ್ತಿದರು. ದೇವಸ್ಥಾನದವರು ವಾಡಿಕೆ ಬಿಡಲಿಲ್ಲ, ಕರಗ ಹೋಯಿತು. ಅಂದು ಹುಡುಗನೂ ಕತ್ತಿ ಹಿಡಿದು ಜೊತೆಯಲ್ಲಿದ್ದ. ಅವನ ಅಂಗಡಿಯಲ್ಲಿ ಅವನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವವನು ಅರಳೇಪೇಟೆಯ ಮುಸಲ್ಮಾನರ ಹುಡುಗ. ಆ ದಿನಗಳಲ್ಲಿ ನಿಮ್ಮಿಬ್ಬರ ನಡುವೆ ಆ ಮಾತು ಬಂತೆ ಎಂದು ಕೇಳಿದ್ದಕ್ಕೆ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಲಿಲ್ಲ ಸಾರ್. ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಆವತ್ತು ರಾತ್ರಿ ದರ್ಗಾ ಬಾಗಿಲಲ್ಲಿ ನೀರಿನ ಲೋಟ ಹಿಡಕೊಂಡು ಅವನು ನಿಂತಿದ್ದ" ಎಂದ. ಎರಡು ವರ್ಷ ಬೀದಿಗೆ ಬಾರದ ಕರಗ ಆ ರಾತ್ರಿ ಬಾರದೆ ಹೋಗಿದ್ದರೆ ಅವನು ಲೋಟ ಹಿಡಿದುಕೊಂಡು ಎಷ್ಟು ಹೊತ್ತು ಕಾಯುತ್ತಿದ್ದನೊ!

ಈ ಹುಡುಗನಿಗೆ ಇನ್ನೊಂದು ಕಷ್ಟವುಂಟು, ಅದು ರಜದ ಕಷ್ಟ. ಈಗಿನ ಯಜಮಾನರು ಪೇಟೆಯವರು, ಅರ್ಥಮಾಡಿಕೊಳ್ಳುತ್ತಾರೆ. ಆದರೆ ಅವನಿಗೆ ಊರಾಚೆಯ ಒಂದು ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕುವಂತಿತ್ತು. ಸಂಬಳ ಈಗಿನದರ ಎರಡರಷ್ಟು. ಸಂದರ್ಶನದಲ್ಲಿ ಇವನೇ ಬಾಯಿಬಿಟ್ಟು ಚೈತ್ರದಲ್ಲಿ ಹತ್ತು ದಿನ ರಜ ಬೇಕೆಂದನಂತೆ. ಏತಕ್ಕೆ ಎಂದರು. ಹೇಳಿದ. ಆ ಮೇಲೆ ಅವರಿಂದ ಕರೆ ಬರಲಿಲ್ಲ. ಸುಳ್ಳು ಹೇಳಬಹುದಿತ್ತಲ್ಲ, ಮದುವೆಯೊ ಗೃಹಪ್ರವೇಶವೊ ಎಂದು? ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟವರು ಅವನ ತಾಯಿ: "ನಾನೂ ಅದೇ ಅಂದೆ ಸ್ವಾಮಿ. ತಾಯಿ ವಿಷಯದಲ್ಲಿ ಸುಳ್ಳು ಹೇಳೋದೆ ಅಂತ ನನ್ನ ಮೇಲೇ ರೇಗಿದ." ಹೇಳುವಾಗ ಆಕೆಯ ದನಿಯಲ್ಲಿ ಹೆಮ್ಮೆಯಿತ್ತೆ, ಕೊರಗಿತ್ತೆ, ನಾನು ತಿಳಿಯಲಾರದೆ ಹೋದೆ. ಮನೆಗೆ ಬಾಡಿಗೆ ಕಟ್ಟಬೇಕು. ಮಗಳ ಮದುವೆ ಆಗಬೇಕು. ಮಗನೇನೊ ಮತ್ತೆ ಬೇರೆ ಕಡೆ ಅರ್ಜಿ ಹಾಕಿದ್ದಾನೆ. ಈ ಸಲವೂ ಮುಚ್ಚಿಡುವುದಿಲ್ಲವಂತೆ.

ಹುಣ್ಣಿಮೆ ಕಳೆದು ವಸಂತೋತ್ಸವದ ಅರಿಸಿನದ ಓಕುಳಿ ಮುಗಿದ ಮೇಲೆ ಧ್ವಜ ಇಳಿಯುತ್ತದೆ. ಅದರ ಮಾರನೆಯ ದಿನ ಮತ್ತೆ ನನ್ನ ಚೀಲ ಹಿಡಿದು ಎಸ್.ಪಿ. ರಸ್ತೆಗೆ ಹೋದೆ. ಹುಡುಗ ತನ್ನ ಜಾಗದಲ್ಲಿದ್ದ. ಅಂಗಾಲಿನ ಬೊಕ್ಕೆಗಳಿಂದಾಗಿ ಚಪ್ಪಲಿ ಹಾಕಲಾರದೆ ಬರಿಗಾಲಲ್ಲೇ ಕೂತಿದ್ದ. ಉಗುರಿನ ಸಂದಿಯಲ್ಲಿ ಅರಿಸಿನ ಇನ್ನೂ ಹೋಗಿರಲಿಲ್ಲ. ಯಂತ್ರವನ್ನು ಬಿಚ್ಚಿ ನೋಡಿ, ಒಳಗಿನ ಧೂಳನ್ನು ಊದಿ, "ಇದು ಇನ್ನೊಂದು ವರ್ಷ ಬರುತ್ತೆ ಸಾರ್. ಆದರೆ ಮುಂದಿನ ಸಲ ಸಪ್ತಮಿಗೆ ಮೊದಲೇ ತಂದುಬಿಡಿ" ಎಂದ.